ಕಾರಿನ ಉಸಿರು ಕಟ್ಟಿಸಿದವರು ಯಾರು?

ಇದನ್ನು ಕೊನೆತನಕ ಕೇಳಿಬಿಡಿ, ನಡುವೆ ಎದ್ದು ಹೋಗಬೇಡಿ. ನಡುವೆ ಎದ್ದವರೆಲ್ಲ ಇವತ್ತಿಗೂ ಯರ್ರಪ್ಪನನ್ನೇ ಕಳ್ಳ ಅಂದುಕೊಂಡಿದ್ದಾರೆ.

ಮೊಳಕಾಲ್ಮೂರಿನ ಏರಿನಲ್ಲಿ ಪ್ರದೀಪನ ಬಾಡಿಗೆ ಕಾರು ಇದ್ದಕ್ಕಿದ್ದಂತೆ ಸೋತುಹೋಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ತೆವಳಿತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ಹಿಂದಿದ್ದ ಶೇಂಗಾ ಟ್ರ್ಯಾಕ್ಟರ್ ಹಾರ್ನ್ ಹೊಡೆದು ಮುಂದೆ ಹೋಯಿತು. ಕಾರು ಕೆಟ್ಟಿದ್ದಕ್ಕಿಂತ ಅದೇ ಪ್ರದೀಪನಿಗೆ ಹೆಚ್ಚು ಉರಿಯಿತು.

ಚಳ್ಳಕೆರೆಯ ಟ್ಯಾಕ್ಸಿ ಸ್ಟ್ಯಾಂಡಿಗೆ ಬಂದವನೇ ಕೂಗಿದ. "ಯರ್ರಪ್ಪಂದೇ ಕೆಲಸ! ನಿನ್ನೆ ನನ್ನ ಬಾನೆಟ್ ಹತ್ರ ನಿಂತಿದ್ದ. ಡೀಸೆಲ್‌ಗೆ ಏನೋ ಬೆರೆಸ್ಯಾನೆ!"

"ಏಮಿರಾ, ತಲೆ ನೆಟ್ಟಗೈತಾ?" ಅದೇ ಸ್ಟ್ಯಾಂಡಿನ ಚಾಲಕ ಯರ್ರಪ್ಪನಿಗೆ ಸಿಟ್ಟು ಬಂದರೆ ತೆಲುಗೇ ಮೊದಲು ಬರುವುದು. "ಟವಲ್ ಒಣಗಾಕಿದ್ದೆ ಕಣಲೇ!"

ಯಾರೂ ನಂಬಲಿಲ್ಲ. ಸಂಜೆಯೊಳಗೆ ಬೇರೆ ಕಾರಣ ಸಿಗದಿದ್ದರೆ ಯರ್ರಪ್ಪನ ಕಾರಿಗೆ ಸ್ಟ್ಯಾಂಡಿನಲ್ಲಿ ಜಾಗವಿಲ್ಲ ಎಂದು ಚಾಲಕರೆಲ್ಲ ತೀರ್ಪು ಕೊಟ್ಟರು.

ಆಗ ಮುಂದೆ ಬಂದವನು ಗೋವರ್ಧನ. ಎದುರಿನ ಮೊಬೈಲ್ ಅಂಗಡಿಯವನು. ಕಾರುಗಳ ಹುಚ್ಚು. ಅವನ ಹತ್ತಿರ ಕಾರಿನ ದೋಷ ಓದುವ ಸ್ಕ್ಯಾನರ್ ಇತ್ತು, ಕಾರು ಇರಲಿಲ್ಲ.

* * *

ಸ್ಟೇರಿಂಗಿನ ಕೆಳಗೆ ಸ್ಕ್ಯಾನರ್ ಸಿಕ್ಕಿಸಿದ. ಫೋನಿನಲ್ಲಿ ಕೋಡ್ ಮೂಡಿತು.

"ಎಂಜಿನ್‌ಗೆ ಗಾಳಿ ಸಾಲ್ತಿಲ್ಲ ಅಂತೈತೆ."

"ಡೀಸೆಲ್?"

"ಅದರ ಬಗ್ಗೆ ಒಂದ್ ಮಾತೂ ಇಲ್ಲ."

"ನಿನ್ ಯಂತ್ರಕ್ಕೂ ಯರ್ರಪ್ಪ ಟೀ ಕುಡಿಸ್ಯಾನೆ," ಅಂದ ಪ್ರದೀಪ.

ಗ್ಯಾರೇಜಿನವರು ಗಾಳಿ ಅಳೆಯುವ ಸೆನ್ಸರ್ ಹೋಗಿದೆ ಅಂದರು. ಬೇರೆ ಹಾಕಿ ನೋಡಿದರು. ನಿಂತಲ್ಲಿ ಎಂಜಿನ್ ಚೆನ್ನಾಗೇ ಗುರುಗುಟ್ಟಿತು. ಏರಿಗೆ ಹೋದರೆ ಅದೇ ದೀಪ, ಅದೇ ಕೋಡ್.

ಸೆನ್ಸರ್ ಸುಳ್ಳು ಹೇಳುತ್ತಿಲ್ಲ. ಹಾಗಾದರೆ ಗಾಳಿ ಎಲ್ಲಿ? ಗೋವರ್ಧನ ಏರ್ ಫಿಲ್ಟರ್ ಬಿಚ್ಚಿದ. ಮಲ್ಲಿಗೆಯ ಹಾಗೆ ಬೆಳ್ಳಗಿತ್ತು.

"ಇದು ಯಾವಾಗ ಹಾಕಿದ್ದು?"

"ಹೋದ ವಾರ. ಹಳೇದನ್ನ ಅವ್ವನ ಮುಂದೆ ಕೊಡವಿದೆ. ಬೊಗಸೆ ಮಣ್ಣು ಬಿತ್ತು. ಅವ್ವ ಗಾಬರಿಯಾಗ್ಬಿಟ್ಲು."

"ಆಮೇಲೆ ಎಲ್ಲಿ ಓಡ್ಸಿದ್ದು?"

"ದಿನಾ ನನ್ನಿವಾಳದ ಮಣ್ಣು ರಸ್ತೇಲೇ."

"ಮತ್ತೆ ಧೂಳೆಲ್ಲಿ?"

ಪ್ರದೀಪ ಫಿಲ್ಟರನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

ಗೋವರ್ಧನ ಗ್ರಿಲ್ಲಿನ ಹಿಂದೆ, ಗಾಳಿ ಒಳಗೆ ಹೋಗುವ ಕೊಳವೆಯ ತುದಿಗೆ ಕೈ ಹಾಕಿದ. ಬೆರಳಿಗೆ ಏನೋ ಒರಟಾಗಿ ತಗುಲಿತು. ನಕ್ಕುಬಿಟ್ಟ. "ನಿಮ್ಮನೆಗೆ ನಡಿ. ಯರ್ರಪ್ಪಣ್ಣ, ನೀನೂ ಬಾ."

* * *

ಅಂಗಳದಲ್ಲಿ ಪ್ರದೀಪನ ಅವ್ವ ದುರುಗಕ್ಕ ಕುರಿಮರಿಯ ಮೂತಿಗೆ ಹುರಿಯ ಕುಕ್ಕೆ ಕಟ್ಟುತ್ತಿದ್ದಳು. ಮಣ್ಣು ತಿನ್ನುವ ಮರಿಗೆ ಅದೇ ಮದ್ದು.

ಗೋವರ್ಧನ ಬಾನೆಟ್ ಎತ್ತಿ, ಕೊಳವೆಯ ತುದಿಯಿಂದ ಒಂದು ಕರಿ ಕಂಬಳಿ ತುಂಡನ್ನು ಕಿತ್ತ. ಕೊಡವಿದ. ಅರ್ಧ ನನ್ನಿವಾಳ ಅಂಗಳಕ್ಕೆ ಬಿತ್ತು.

"ದುರುಗಕ್ಕಾ, ಇದು ಯಾರ ಹೊಲಿಗೆ?"

"ನಂದೇ ಕಣಪ್ಪ. ಯಾಕೆ, ಬಿಚ್ಕೊಂತಾ?"

"ಅವ್ವಾ!" ಪ್ರದೀಪ ತಲೆ ಹಿಡಿದುಕೊಂಡ.

"ನಿನ್ ಕಾರು ಬೊಗಸೆಗಟ್ಟಲೆ ಮಣ್ಣು ತಿಂತಿತ್ತಲ್ಲೋ! ಹುರಿ ಕುಕ್ಕೇಲಿ ಧೂಳು ತೂರ್ತೈತೆ ಅಂತ ಕಂಬಳೀನೇ ಹೊಲಿದೆ."

"ಅದರ ಬಾಯಿ ಎಲ್ಲೈತೆ ಅಂತ ಹೆಂಗ್ ಗೊತ್ತಾಯ್ತಕ್ಕ?"

"ಇವನೇ ತೋರಿಸ್ದ. ಇಲ್ಲಿಂದ ಉಸಿರಾಡ್ತೈತೆ ಅಂದ."

ಗೋವರ್ಧನ ಬಿಡಿಸಿ ಹೇಳಿದ. ಧೂಳನ್ನು ಕಂಬಳಿ ತಡೆದಿದ್ದಕ್ಕೇ ಫಿಲ್ಟರ್ ಬೆಳ್ಳಗಿತ್ತು. ವಾರದಲ್ಲಿ ಧೂಳು ಕಂಬಳಿಗೇ ಮೆತ್ತಿತು. ನಿಂತಾಗ ಎಂಜಿನ್‌ಗೆ ಗುಟುಕು ಗಾಳಿ ಸಾಕು. ಏರಿಗೆ ಎದೆ ತುಂಬ ಬೇಕು. "ಕಂಬಳಿ ಹೊದ್ದು ಕೂರಬಹುದು. ಮುಖಕ್ಕೆ ಸುತ್ಕೊಂಡು ಗುಡ್ಡ ಹತ್ತಕ್ಕಾಗ್ತೈತಾ?"

ಕಾರು ಏರನ್ನು ಗಾಳಿಪಟದಂತೆ ಹತ್ತಿ ಬಂತು. ಕೋಡ್ ಅಳಿಸಿದ ಮೇಲೆ ಮತ್ತೆ ಬರಲಿಲ್ಲ.

ಸಂಜೆ ಸ್ಟ್ಯಾಂಡಿನಲ್ಲಿ, ಎಲ್ಲರ ಮುಂದೆ, ಪ್ರದೀಪ ತಲೆ ತಗ್ಗಿಸಿದ. "ತಪ್ಪಾಯ್ತಣ್ಣ."

ಯರ್ರಪ್ಪ ಕಂಬಳಿ ತುಂಡನ್ನು, ಮಗನ ಜೊತೆ ಸ್ಟ್ಯಾಂಡಿಗೆ ಬಂದಿದ್ದ ದುರುಗಕ್ಕನ ಕೈಗಿಟ್ಟ. "ಅಕ್ಕಾ, ನಿನ್ ಕೆಲಸ ಸರಿ ಐತೆ. ಬಾಯಿ ಮಾತ್ರ ಬೇರೆ. ಇವನಿಗೆ ಕಟ್ಟು."

ದುರುಗಕ್ಕ ಸೂಜಿಗೆ ದಾರ ಪೋಣಿಸಿದಳು. "ನಿಂತ್ಕೊಳಲೇ ಮಗನೇ, ಅಳತೆ ತಗಂತೀನಿ."

ಪ್ರದೀಪ ಕಾಪಾಡು ಎಂಬಂತೆ ಗೋವರ್ಧನನ ಕಡೆ ನೋಡಿದ. ನೀವಾಗಿದ್ದರೆ ಅವನನ್ನು ಬಿಡಿಸುತ್ತಿದ್ದಿರೋ, ಇಲ್ಲ ಅಳತೆಗೆ ಅವನ ತಲೆ ಹಿಡಿದುಕೊಡುತ್ತಿದ್ದಿರೋ?