ಅಮ್ಮ ಅಲುಗಾಡಿದ ಫೋಟೊ

ಪರದೆಯ ಉಂಗುರಗಳು ಕಿರ್ ಅನ್ನಬಾರದು. ಅದಕ್ಕೇ ಚೂಟಿ ಉಸಿರು ಬಿಗಿಹಿಡಿದು, ಕಿಟಕಿಯ ಪರದೆಯನ್ನು ಚೂರು ಚೂರೇ ಸರಿಸುತ್ತಿದ್ದಳು.

ಮಧ್ಯಾಹ್ನದ ಬಿಸಿಲು ಮೆಲ್ಲಗೆ ಒಳಗೆ ಬಂತು. ಮೊದಲು ನೆಲಕ್ಕೆ, ಆಮೇಲೆ ಮಂಚಕ್ಕೆ, ಆಮೇಲೆ ಮಲಗಿದ್ದ ಅಮ್ಮನ ಕೆನ್ನೆಗೆ.

"ಹಾಂ, ಸಾಕು" ಎಂದು ತನಗೆ ತಾನೇ ಪಿಸುಗುಟ್ಟಿ, ಚೂಟಿ ಮನೆಯ ಹಳೇ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದಳು. ಕ್ಲಿಕ್ ಸೌಂಡ್ ಆಫ್ ಮಾಡಿದ್ದಳು. ಫ್ಲ್ಯಾಶ್ ಅಂತೂ ಹಾಕುವ ಹಾಗೇ ಇರಲಿಲ್ಲ. ಅಮ್ಮ ಎದ್ದುಬಿಟ್ಟರೆ?

ಫೋಟೊ ಚೆನ್ನಾಗಿ ಬಂತು. ಅಮ್ಮನ ರೆಪ್ಪೆಯ ಒಂದೊಂದು ಕೂದಲೂ ಕಾಣುತ್ತಿತ್ತು. ಕಿವಿಯ ಹಿಂದೆ ಅಂಟಿಕೊಂಡಿದ್ದ ಮೈದಾಹಿಟ್ಟೂ ಕಾಣುತ್ತಿತ್ತು. ಪರದೆಯನ್ನು ಹಾಗೇ ಬಿಟ್ಟು ಚೂಟಿ ತುದಿಗಾಲಲ್ಲಿ ಹೊರಗೆ ಬಂದಳು.

ಅಮ್ಮನಿಗೆ ಒಂದು ದೊಡ್ಡ ಬೇಕರಿಯಲ್ಲಿ ರಾತ್ರಿ ಪಾಳಿ. ಎಲ್ಲರೂ ಏಳುವ ಹೊತ್ತಿಗೆ ಬ್ರೆಡ್ ಅಂಗಡಿಯಲ್ಲಿರಬೇಕಲ್ಲ? ಬೆಳಗ್ಗೆ ಅಮ್ಮ ಗೇಟು ತೆಗೆದು ಒಳಗೆ ಬರುವಾಗ ಚೂಟಿ ಬ್ಯಾಗು ಹಾಕಿಕೊಂಡು ಹೊರಗೆ ಹೊರಟಿರುತ್ತಾಳೆ. ಚೂಟಿ ಸ್ಕೂಲಿಂದ ಬರುವಾಗ ಅಮ್ಮನಿಗೆ ಗಾಢ ನಿದ್ದೆ. ಸಂಜೆ ಎದ್ದಳೋ, ಒಲೆ, ಬಟ್ಟೆ, ಪಾತ್ರೆ ಅಂತ ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗೆ ಓಡಾಟ.

"ಹೋಮ್‌ವರ್ಕ್ ಆಯ್ತಾ? ಹೊಟ್ಟೆ ತುಂಬ ತಿಂದ್ಯಾ? ಅಪ್ಪನಿಗೆ ಕಾಟ ಕೊಡಬೇಡ, ಆಯ್ತಾ?"

ಅಷ್ಟರಲ್ಲಿ ಬೀದಿಯಲ್ಲಿ ಬೇಕರಿ ವ್ಯಾನಿನ ಹಾರ್ನ್.

ಚೂಟಿಗೆ ಹೇಳಲಿಕ್ಕೆ ರಾಶಿ ಮಾತಿತ್ತು. ಪಕ್ಕದ ಬೆಂಚಿನವಳು ಠೂ ಬಿಟ್ಟಿದ್ದು, ಲೆಕ್ಕದ ಮಿಸ್ ಜೋರಾಗಿ ಸೀನಿ ಚಾಕ್‌ಪೀಸ್ ಹಾರಿಹೋಗಿದ್ದು... ಎಲ್ಲ ತುಟಿಯವರೆಗೆ ಬಂದು ವಾಪಸ್ ಹೋಗುತ್ತಿತ್ತು. ಅದಕ್ಕೇ ಅವಳು ಫೋಟೊ ತೆಗೆಯುತ್ತಿದ್ದಳು. ಫೋಟೊದಲ್ಲಾದರೂ ಅಮ್ಮ ಎಲ್ಲಿಗೂ ಓಡುತ್ತಿರಲಿಲ್ಲ.

ಮಾರನೇ ದಿನ ಬೆಳಗ್ಗೆ ಗೇಟಿನ ಹತ್ತಿರ ಚೂಟಿ ಗಕ್ಕನೆ ನಿಂತಳು. ಅಮ್ಮನ ಬಲಗೈಗೆ ಬ್ಯಾಂಡೇಜ್!

"ಏನಾಯ್ತೇ?" ಅಪ್ಪ ಒಳಗಿಂದ ಓಡಿಬಂದರು. ಅಪ್ಪನದು ಪ್ಲಂಬರ್ ಕೆಲಸ. ಕೈಯಲ್ಲಿ ಸ್ಪ್ಯಾನರ್ ಹಾಗೇ ಇತ್ತು.

"ಏನಿಲ್ಲ, ನಿಂತಲ್ಲೇ ತೂಕಡಿಕೆ ಬಂತು. ಬಿಸಿ ಟ್ರೇ ತಗುಲ್ತು. ನಾಲ್ಕು ದಿನ ಬರಬೇಡ ಅಂದ್ರು."

"ಮಧ್ಯಾಹ್ನ ನಿದ್ದೆ ಮಾಡ್ತೀಯಲ್ಲ?"

"ಮಾಡ್ತೀನಿ. ಆದ್ರೆ ಈಚೆಗೆ ಮುಖಕ್ಕೆ ಬಿಸಿಲು ಹೊಡೆದು ಎಚ್ಚರ ಆಗಿಬಿಡುತ್ತೆ. ಆಮೇಲೆ ಎಷ್ಟು ಹೊರಳಾಡಿದ್ರೂ ಕಣ್ಣು ಹತ್ತಲ್ಲ. ಆ ಪರದೆ ಗಾಳಿಗೆ ಸರಿಯುತ್ತೋ ಏನೋ."

ಆ ಗಾಳಿ ಯಾವುದೆಂದು ಚೂಟಿಯೊಬ್ಬಳಿಗೇ ಗೊತ್ತಿತ್ತು.

ಅಂದು ಕ್ಲಾಸಿನಲ್ಲಿ ಮಿಸ್ ಹೇಳಿದ್ದು ಒಂದೂ ತಲೆಗೆ ಹೋಗಲಿಲ್ಲ. ಮನೆಗೆ ಬಂದವಳು ರೂಮಿನ ಬಾಗಿಲಿನ ಹತ್ತಿರವೇ ನಿಂತುಬಿಟ್ಟಳು. ಒಳಗೆ ಕತ್ತಲು.

"ಯಾಕೆ ಅಲ್ಲೇ ನಿಂತೆ? ಬಾ, ಎದ್ದೇ ಇದ್ದೀನಿ. ಕೈ ಉರೀತಿದೆ" ಎಂದಳು ಅಮ್ಮ.

ಚೂಟಿ ಮೊಬೈಲನ್ನು ಅಮ್ಮನ ಎಡಗೈಗೆ ಕೊಟ್ಟಳು. "ಗಾಳಿ ಅಲ್ಲಮ್ಮ. ನಾನು" ಎಂದು ಅಳತೊಡಗಿದಳು.

ಅಮ್ಮ ಒಂದೊಂದೇ ಫೋಟೊ ನೋಡಿದಳು. ಮಗ್ಗುಲಾಗಿ ಮಲಗಿದ ಅಮ್ಮ. ಬಾಯಿ ಕಳೆದು ಮಲಗಿದ ಅಮ್ಮ. ದಿಂಬು ತಬ್ಬಿಕೊಂಡ ಅಮ್ಮ.

"ಎಲ್ಲದರಲ್ಲೂ ಬರೀ ಗೊರಕೆ ಹೊಡೀತಿದ್ದೀನಲ್ಲೇ!"

"ನೀನು ನಂಗೆ ಸಿಗೋದೇ ಹಾಗಲ್ವಾ?"

ಅಮ್ಮ ಬೈಯಲಿಲ್ಲ. ಎದ್ದುಹೋಗಿ, ಎಡಗೈಯಿಂದ ಪರದೆಯನ್ನು ಸರ್ರನೆ ಪೂರ್ತಿ ತೆರೆದಳು. ಕಿಟಕಿಯ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತಳು.

"ಈಗ ತೆಗಿ ನೋಡೋಣ."

ಬೆನ್ನು ನೆಟ್ಟಗೆ, ತುಟಿ ಬಿಗಿ, ಕಣ್ಣು ದೊಡ್ಡದು. ಚೂಟಿಗೆ ಅಳುವಿನ ನಡುವೆಯೇ ನಗು ಬಂತು.

"ಅಮ್ಮಾ, ಐಡಿ ಕಾರ್ಡಿಗಾ? ಸುಮ್ನೆ ಆರಾಮಾಗಿ ಕೂತ್ಕೋ. ಅಲುಗಾಡಬೇಡ. ಈ ಮೊಬೈಲಲ್ಲಿ ಅಲುಗಾಡಿದ್ರೆ ಎಲ್ಲ ಕಲಸಿಹೋಗುತ್ತೆ."

"ಆಯ್ತಮ್ಮಾ, ಆಯ್ತು. ಕಲ್ಲಿನ ಹಾಗೆ ಕೂತೆ. ಅಯ್ಯೋ, ತಡಿ ತಡಿ! ಬಾಯಿ ತೆಗಿ. ಆ ಹಲ್ಲೆಲ್ಲಿ?"

"ಬಿದ್ದೋಯ್ತು."

"ಯಾವಾಗ?"

"ಹೋದ ವಾರ. ಅಪ್ಪ ದಾರ ಕಟ್ಟಿ ಎಳೆದ್ರು."

"ಹೋದ ವಾರಾನಾ?" ಅಮ್ಮನ ದನಿ ಸಣ್ಣಗಾಯಿತು. ಬ್ಯಾಂಡೇಜ್ ಇದ್ದದ್ದೂ ಮರೆತು ಕೈ ಚಾಚಿ ಚೂಟಿಯ ಗಲ್ಲ ಹಿಡಿದೆತ್ತಿದಳು. ಅದೇ ಹೊತ್ತಿಗೆ ಚೂಟಿಯ ಬೆರಳು ಒತ್ತಿತ್ತು.

ಆಮೇಲೆ ಇಬ್ಬರೂ ಫೋಟೊ ಮರೆತರು. ಹಲ್ಲಿನಿಂದ ಶುರುವಾದ ಮಾತು ಠೂ ಬಿಟ್ಟವಳಿಗೆ ಹೋಯಿತು, ಅಲ್ಲಿಂದ ಮಿಸ್ಸಿನ ಸೀನಿಗೆ ಹೋಯಿತು. ಅಮ್ಮ ನಕ್ಕು ನಕ್ಕು ಸ್ಟೂಲಿಂದ ಬೀಳುವುದೊಂದು ಬಾಕಿ.

ಸಂಜೆ ಅಪ್ಪ ಮೊಬೈಲ್ ನೋಡುತ್ತಾ ಕೂತರು. "ಇದೇನು, ಅಮ್ಮನ ಮುಖ ಹೊಗೆ ಥರ ಆಗಿದೆ? ಕೈ ಬೂದುಗುಂಬಳದಷ್ಟು ದಪ್ಪ ಬಂದಿದೆ. ಡಿಲೀಟ್ ಮಾಡ್ಲಾ?"

"ಬೇಡ!" ಚೂಟಿ ಮೊಬೈಲ್ ಕಸಿದುಕೊಂಡಳು. "ಅದೊಂದರಲ್ಲೇ ಅಮ್ಮ ಎದ್ದಿರೋದು."

ಅಪ್ಪ ಅಡುಗೆಮನೆಯ ಕಡೆ ನೋಡಿದರು. ಪಾತ್ರೆಯ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.

ಕೈ ವಾಸಿಯಾಯಿತು. ವ್ಯಾನಿನ ಹಾರ್ನ್ ಮತ್ತೆ ಕೇಳಿಸತೊಡಗಿತು.

ಅಮ್ಮ ಕೆಲಸಕ್ಕೆ ಹೋದ ಮಾರನೇ ದಿನ ಮಧ್ಯಾಹ್ನ ಚೂಟಿ ಚಪ್ಪಲಿ ಬಿಟ್ಟು ತುದಿಗಾಲಲ್ಲಿ ರೂಮಿಗೆ ಬಂದಳು. ಪರದೆಯ ಸಂದಿಯಿಂದ ಒಂದು ಎಳೆ ಬಿಸಿಲು ಅಮ್ಮನ ಹಣೆಯ ಕಡೆ ಹೊರಟಿತ್ತು. ಬಟ್ಟೆ ಒಣಗಿಸುವ ಕ್ಲಿಪ್ಪು ತಂದು ಪರದೆಯ ಎರಡು ಅಂಚನ್ನೂ ಸೇರಿಸಿ ಸಿಕ್ಕಿಸಿದಳು. ಬಾಗಿಲು ಅರ್ಧ ಮುಂದೆ ಮಾಡಿ, ಹೊರಗೆ ಗೋಡೆಗೊರಗಿ ಹೋಮ್‌ವರ್ಕ್ ಬಿಚ್ಚಿದಳು.

ಒಳಗೆ ಮಂಚ ಕಿರುಗುಟ್ಟಿತು. ಚೂಟಿಯ ಪೆನ್ಸಿಲ್ ನಿಂತಿತು. ಅಮ್ಮ ಏಳಲಿ ಅಂತಲೋ ಏಳದಿರಲಿ ಅಂತಲೋ, ಅವಳಿಗೇ ಗೊತ್ತಾಗಲಿಲ್ಲ.

ಅಮ್ಮ ಮಗ್ಗುಲು ಬದಲಿಸಿದ್ದಳು, ಅಷ್ಟೇ. ಸ್ವಲ್ಪ ಹೊತ್ತಿಗೆ ಸಣ್ಣಗೆ ಗೊರಕೆ ಕೇಳಿಸಿತು.

ಚೂಟಿ ಪುಟ ತಿರುವಿದಳು, ಸದ್ದಾಗದ ಹಾಗೆ.