ಸ್ವಿಚ್ಚೇ ಇಲ್ಲದ ಬೆಳಕು

“ಅಪ್ಪಾ! ಮೂರನ್ನೂ ಮುರಿದುಬಿಟ್ಯಾ?”

ಮಗಳ ಆ ಕೂಗಿಗೆ ಅಂಗಡಿಯ ಗಾಜಿನ ಕಪಾಟೇ ನಡುಗಿರಬೇಕು. ಸುಮ್ಮನೆ ಅಲ್ಲ, ಮನೆಯವರೆಲ್ಲ ಅವಳನ್ನು ಸಿಡುಕಿ ಎಂದು ಕರೆಯುವುದು. ಅಪ್ಪ ಮಾತ್ರ ನಗುತ್ತಲೇ ಇದ್ದರು. ಮೇಜಿನ ಮೇಲೆ, ಬಿಚ್ಚಿಟ್ಟ ಮಿಕ್ಸಿಯ ಪಕ್ಕದಲ್ಲಿ, ಮೂರು ಪ್ಲಾಸ್ಟಿಕ್ ಕಡ್ಡಿಗಳು ಹಸಿರಾಗಿ ಬೆಳಗುತ್ತಿದ್ದವು.

“ಮುರೀಲಿಲ್ಲ ಕಣಮ್ಮ, ಟೆಸ್ಟ್ ಮಾಡ್ದೆ. ಪ್ಯಾಕೆಟ್ ಮೇಲೆ ಬಗ್ಗಿಸಿ ಅಂತ ಚಿತ್ರ ಇತ್ತು. ಮೂರೂ ಸೂಪರ್ ಆಗಿ ಹತ್ಕೊಂಡ್ವು ನೋಡು!”

“ಹೌದಾ? ಈಗ ಆಫ್ ಮಾಡು, ನೋಡೋಣ.”

ಅಪ್ಪ ಒಂದು ಕಡ್ಡಿಯನ್ನು ಎತ್ತಿಕೊಂಡು ಆ ತುದಿ ನೋಡಿದರು, ಈ ತುದಿ ನೋಡಿದರು. ಕನ್ನಡಕ ಏರಿಸಿಕೊಂಡು ಮತ್ತೆ ನೋಡಿದರು. “ಸ್ವಿಚ್ ಎಲ್ಲಿಟ್ಟಿದಾರೆ ಇದಕ್ಕೆ?”

“ಸ್ವಿಚ್ಚೇ ಇಲ್ಲ! ಬ್ಯಾಟರೀನೂ ಇಲ್ಲ! ಇದು ಕೆಮಿಸ್ಟ್ರಿ ಅಪ್ಪಾ!” ಸಿಡುಕಿ ಕಾಲು ನೆಲಕ್ಕೆ ಬಡಿದಳು. “ಒಳಗಡೆ ಸಣ್ಣ ಗಾಜಿನ ಕೊಳವೆ ಇರತ್ತೆ. ಅದರಲ್ಲಿ ಒಂದು ದ್ರವ, ಹೊರಗಡೆ ಇನ್ನೊಂದು. ಬಗ್ಗಿಸಿದ್ರೆ ಗಾಜು ಒಡೆದು ಎರಡೂ ಸೇರ್ಕೊಳ್ಳತ್ತೆ. ಸೇರಿದ್ರೆ ಬೆಳಕು. ಬಿಸಿ ಇಲ್ಲ, ಬರೀ ಬೆಳಕು. ಮಿಂಚುಹುಳದ ಹೊಟ್ಟೇಲೂ ಹೀಗೇ ಆಗೋದು.”

“ಮಿಂಚುಹುಳ ಆದ್ರೂ ಆರಿಸ್ಕೊಳ್ಳತ್ತಲ್ಲೇ?”

“ಅದಕ್ಕೆ ಗೊತ್ತು, ನಿನಗೆ ಗೊತ್ತಿಲ್ಲ! ಇದು ಒಂದ್ಸಲ ಶುರುವಾದ್ರೆ ಮುಗೀತು. ನಾಳೆ ಬೆಳಿಗ್ಗೆ ಹೊತ್ತಿಗೆ ಖಾಲಿ. ನಾನು ಕ್ಲಾಸಲ್ಲಿ ಏನು ತೋರಿಸ್ಲಿ? ಸತ್ತ ಕಡ್ಡೀನಾ?”

ಈಗ ಅಪ್ಪನ ನಗು ನಿಂತಿತು.

ಮನೆಗೆ ಹೊಂದಿಕೊಂಡಿದ್ದ ಅಪ್ಪನ ರಿಪೇರಿ ಅಂಗಡಿಯಲ್ಲಿ ಅದೊಂದು ಕಟ್ಟುನಿಟ್ಟು. ಫ್ಯಾನಾಗಲಿ, ಇಸ್ತ್ರಿಪೆಟ್ಟಿಗೆಯಾಗಲಿ, ಹೊಸ ಬಲ್ಬೇ ಆಗಲಿ, ಒಮ್ಮೆ ಹಾಕಿ ನೋಡದೆ ಗಿರಾಕಿಯ ಕೈಗೆ ಕೊಟ್ಟವರಲ್ಲ. ಹೀಗೇ ಬಿಟ್ಟರೆ ಬೆಂಕಿಕಡ್ಡಿಯನ್ನೂ ಒಂದೊಂದಾಗಿ ಗೀರಿ, ಟೆಸ್ಟ್ ಮಾಡಿಯೇ ಕೊಡುತ್ತಾರೇನೋ! ಇವರ ಮೇಜಿನ ಮೇಲೆ ಪ್ಯಾಕೆಟ್ ಇಟ್ಟು ಕೈ ತೊಳೆಯಲು ಹೋದ ತನ್ನ ಬುದ್ಧಿಗೇ ಸಿಡುಕಿ ಬೈದುಕೊಂಡಳು.

ಅವಳು ವಾರದಿಂದ ಕ್ಲಾಸಲ್ಲಿ ಹೇಳಿಕೊಂಡು ತಿರುಗಿದ್ದಳು. ಲೈಟ್ ಆಫ್ ಮಾಡ್ತೀನಿ, ಕತ್ತಲಲ್ಲಿ ಟಕ್ ಅಂತ ಮುರೀತೀನಿ, ನೀವೆಲ್ಲ ಬಾಯಿ ಬಿಟ್ಕೊಂಡು ನೋಡ್ತೀರಿ, ಅಂತ. ಅತ್ತೆ ಎಲ್ಲಿಂದಲೋ ಹುಡುಕಿ ಕಳಿಸಿದ್ದು ಇದೊಂದೇ ಪ್ಯಾಕೆಟ್.

ಅಪ್ಪ ಅಂಗಡಿಗೆ ಬೀಗ ಹಾಕಿ ಸೈಕಲ್ ಹತ್ತಿದರು. ಐದು ಅಂಗಡಿ ಸುತ್ತಿ ಬಂದರೂ ಕಡ್ಡಿ ಸಿಗಲಿಲ್ಲ. “ಹಸಿರು ಟಾರ್ಚ್ ಇದೆ ಕಣಮ್ಮ, ತಗೊಂಡು ಹೋಗ್ತೀಯಾ?” ಎಂದು ಕೇಳಿದರು. ಸಿಡುಕಿ ತಲೆ ತಲೆ ಚಚ್ಚಿಕೊಂಡಳು.

ಅಷ್ಟರಲ್ಲಿ ಅಮ್ಮ ಕಸದ ಬುಟ್ಟಿಯಿಂದ ಪ್ಯಾಕೆಟ್ ತೆಗೆದು, ಅದರ ಹಿಂದಿನ ಸಣ್ಣ ಅಕ್ಷರಗಳನ್ನು ಕಿಟಕಿಯ ಬಳಿ ಹಿಡಿದು ಓದಿದರು. “ತಣ್ಣಗಿಟ್ಟರೆ ಹೆಚ್ಚು ಹೊತ್ತು ಬರುತ್ತದೆ ಅಂತ ಬರೆದಿದ್ದಾರೆ. ಇಬ್ಬರೂ ಕೂಗಾಡೋ ಬದಲು ಫ್ರೀಜರ್‌ಗೆ ಹಾಕ್ಬಾರ್ದಾ?”

ಹಾಕಿದರು. ಬೆಳಿಗ್ಗೆ ತೆಗೆದು ನೋಡಿದರೆ ಕಡ್ಡಿಗಳಲ್ಲಿ ಬೆಳಕು ಇದೆಯೋ ಇಲ್ಲವೋ ಅನ್ನುವ ಹಾಗಿತ್ತು. “ನಿನ್ನಿಂದಲೇ ಎಲ್ಲಾ ಹಾಳಾಯ್ತು” ಎಂದು ಸಿಡುಕಿ ಅಂದೇಬಿಟ್ಟಳು. ಅಪ್ಪ ಕಡ್ಡಿಗಳನ್ನು ಮತ್ತೆ ಫ್ರೀಜರ್‌ನಲ್ಲಿಟ್ಟರು.

ಬಾಗಿಲ ಬಳಿ ಶೂ ಕಟ್ಟುವಾಗ ಅವಳ ಕೈ ನಿಂತಿತು. ತಣ್ಣಗಾದರೆ ಕೆಮಿಕಲ್‌ಗಳು ನಿಧಾನವಾಗುತ್ತವೆ. ಹಾಗಾದರೆ ಬಿಸಿಯಾದರೆ?

“ಅಪ್ಪಾ! ಒಂದು ಫ್ಲಾಸ್ಕಲ್ಲಿ ಐಸು, ಇನ್ನೊಂದರಲ್ಲಿ ಬಿಸಿನೀರು! ಬೇಗ!”

ಎರಡು ಫ್ಲಾಸ್ಕ್ ಹೊತ್ತು ಅಪ್ಪನೂ ಕ್ಲಾಸಿನವರೆಗೆ ಬಂದರು. ಮಿಸ್ ಪರದೆ ಎಳೆದು ಲೈಟ್ ಆರಿಸಿದರು. ಸಿಡುಕಿ ಐಸಿನಿಂದ ಒಂದು ಕಡ್ಡಿ ತೆಗೆದಳು. ಮಂಕು ಮಂಕು.

“ಅಷ್ಟೇನಾ?” ಎಂದು ಹಿಂದಿನ ಬೆಂಚಿನವರು ನಕ್ಕರು.

ಅವಳು ಬಾಯಿ ಬಿಗಿದುಕೊಂಡು, ಬಿಸಿನೀರು ತುಂಬಿದ ಗಾಜಿನ ಲೋಟಕ್ಕೆ ಅದನ್ನು ಇಳಿಸಿದಳು. ಒಂದು, ಎರಡು, ಮೂರು... ಹಸಿರು ಮೆಲ್ಲಗೆ ಮೇಲೆದ್ದು ಲೋಟ ತುಂಬಿತು. ಮಿಸ್ಸಿನ ಕೈಬಳೆ ಹಸಿರಾಯಿತು. ನಕ್ಕವರು ಬೆಂಚು ಹತ್ತಿ ನಿಂತರು. ಇನ್ನೊಂದು ಕಡ್ಡಿಯನ್ನು ಐಸಿನಿಂದ ತೆಗೆದು ಪಕ್ಕದಲ್ಲಿ ಹಿಡಿದಳು. “ತಣ್ಣಗಿದ್ರೆ ರಿಯಾಕ್ಷನ್ ನಿಧಾನ, ಬೆಳಕು ಕಮ್ಮಿ. ಬಿಸಿ ಇದ್ರೆ ಬೇಗ, ಬೆಳಕು ಜಾಸ್ತಿ. ಆದ್ರೆ ಬೇಗ ಖಾಲಿಯಾಗತ್ತೆ.”

ಮೊದಲ ಬೆಂಚಿನ ಹುಡುಗಿ ಕೈ ಎತ್ತಿದಳು. “ನಮ್ಮೆದುರಿಗೇ ಮುರೀತೀನಿ ಅಂದಿದ್ಯಲ್ಲ? ಮುಂಚೆನೇ ಯಾಕೆ ಮುರ್ದೆ?”

ಸಿಡುಕಿಯ ನಾಲಿಗೆ ತುದಿಯಲ್ಲೇ ಉತ್ತರವಿತ್ತು. ನಮ್ಮಪ್ಪ ಹಾಳು ಮಾಡಿದ್ರು! ಅಷ್ಟರಲ್ಲಿ ಬಾಗಿಲ ಕಡೆ ಕಣ್ಣು ಹೋಯಿತು. ಅಪ್ಪ ನೆಲ ನೋಡುತ್ತ ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ತಿರುಗಿಸುತ್ತಿದ್ದರು.

“ಹೋದ ವರ್ಷ ಇಲ್ಲೇ ನನ್ನ ಬಲ್ಬ್ ಹತ್ಲಿಲ್ವಲ್ಲ, ನೆನಪಿದೆಯಾ?” ಎಂದಳು ಸಿಡುಕಿ ನಿಧಾನವಾಗಿ. “ಆ ವೈರ್ ಜೋಡಿಸಿದ್ದು ನಮ್ಮಪ್ಪ. ಈ ಸಲಾನೂ ಹಾಗಾದ್ರೆ ಅಂತ... ಅವ್ರಿಗೆ ಭಯ ಆಗಿತ್ತು.”

ಹೇಳುತ್ತ ಹೇಳುತ್ತಲೇ ಅದು ಅವಳಿಗೂ ಗೊತ್ತಾದದ್ದು. ಅವತ್ತು ಅತ್ತುಕೊಂಡು ಮನೆಗೆ ಹೋದವಳು ಎರಡೇ ದಿನದಲ್ಲಿ ಮರೆತಿದ್ದಳು. ಅಪ್ಪ ವರ್ಷವಾದರೂ ಮರೆತಿರಲಿಲ್ಲ.

“ಅಪ್ಪಾ, ಇನ್ನೊಂದು ಬಾಕಿ ಇದೆ. ನೀನು ಬಾ.”

ಅಪ್ಪ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದೆ ಬಂದರು. ಮೂರನೇ ಕಡ್ಡಿಯನ್ನು ಐಸಿನಿಂದ ತೆಗೆದು, ಲೋಟದ ಮೇಲೆ ಹಿಡಿದು ನಿಂತರು. ಆಮೇಲೆ ಅವಳ ಮುಖ ನೋಡಿದರು.

“ಹಾಕ್ಲಾ?” ಎಂದು ಕೇಳಿದರು.

“ಹಾಕಪ್ಪಾ” ಎಂದಳು ಸಿಡುಕಿ.