ಕಿಟಕಿಯ ಕೆಳಗಿನ ಹುಲ್ಲು

ಮದುವೆಯಾಗುತ್ತೇನೆಂಬ ಸುದ್ದಿಯನ್ನು ಅಕ್ಕ ಪಾತ್ರೆ ತೊಳೆಯುತ್ತಾ, ನಲ್ಲಿಯ ಸದ್ದಿನ ನಡುವೆ ತಂಗಿಗೆ ಹೇಳಿಬಿಟ್ಟಳು. ವರ ಬೀದಿ ಕೊನೆಯ ಟೈಲರ್. ಅರವತ್ತು ದಾಟಿದವನು, ಹಿಂದೆ ಮುಂದೆ ಯಾರೂ ಇಲ್ಲದವನು. ಅಂಗಡಿ ಮುಚ್ಚಿ ಇಬ್ಬರೂ ದೂರದ ಕಡಲತೀರದ ಊರಿಗೆ ಹೋಗಿಬಿಡುತ್ತಾರಂತೆ.

"ನೀನೂ ಆಗಾಗ ಬಂದು ಹೋಗ್ತಿರು," ಎಂದಳು ಅಕ್ಕ.

ಬಂದು ಹೋಗಬೇಕಂತೆ, ನೆಂಟರ ಹಾಗೆ. ಐವತ್ತು ದಾಟಿದರೂ ಇಬ್ಬರೇ ಇದ್ದ ಆ ಮನೆಯಲ್ಲಿ ತಂಗಿ ಚಿಕ್ಕವಳೇ. ಅಕ್ಕ ಮೇಲಿನ ಕೋಣೆಯಲ್ಲಿ ಕೆಮ್ಮಿದರೆ ಕೆಳಗೆ ಇವಳಿಗೆ ಎಚ್ಚರವಾಗುತ್ತಿತ್ತು. ಇನ್ನು ಕೆಮ್ಮುವವರೂ ಇರುವುದಿಲ್ಲ ಎಂದು ನೆನೆದಾಗ ಚಿಕ್ಕವಳಿಗೆ ನಿಜಕ್ಕೂ ಭಯವಾಯಿತು.

ಹೋಗುವ ಮುನ್ನ ಟೈಲರ್ ಅವಳಿಗೊಂದು ಉಡುಗೊರೆ ಕೊಡಲು ಹೊರಟ. ಹಿತ್ತಲಿಗೆ ಪ್ಲಾಸ್ಟಿಕ್ ಹುಲ್ಲು. ನೀರು ಬೇಡ, ಕತ್ತರಿಸುವುದು ಬೇಡ, ಸಹಾಯಕ್ಕೆ ಯಾರೂ ಬೇಡ ಎಂದು ಖುಷಿಯಿಂದ ವಿವರಿಸಿದ. ಗಾಯದ ಮೇಲೆ ಉಪ್ಪು ಸುರಿದದ್ದು ಆ ಪುಣ್ಯಾತ್ಮನಿಗೆ ಗೊತ್ತೇ ಆಗಲಿಲ್ಲ.

ಕೆಲಸಕ್ಕೆ ಕೈಜೋಡಿಸಿದವಳು ಅವಳೇ. ಮಣ್ಣು ಕೆತ್ತಿ, ಜಲ್ಲಿಪುಡಿ ಹರಡಿ, ಗುದ್ದಿ, ಕಳೆ ಬಾರದಂತೆ ಕಪ್ಪು ಬಟ್ಟೆ ಹಾಸಿ, ಮೇಲೆ ಹುಲ್ಲಿನ ಪಟ್ಟಿಗಳನ್ನು ಬಿಡಿಸಿದರು. ಟೈಲರ್ ಪ್ರತಿ ಪಟ್ಟಿಯನ್ನೂ ಅಂಗೈಯಿಂದ ಸವರಿ, ತಿರುಗಿಸಿ, ಮತ್ತೆ ಸವರಿ ಕೂರಿಸುತ್ತಿದ್ದ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಅವಳು ಒಳಗೊಳಗೇ ನಕ್ಕಳು. ಆಗಲೇ ಯೋಜನೆ ಸಿದ್ಧವಾಗಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಪಟ್ಟಿಗಳ ಅಂಚು ಅಂಟಿಸುವುದಷ್ಟೇ ಉಳಿದಿದ್ದಾಗ ಅಕ್ಕ ಗೆಳತಿಯ ಮನೆಗೆ ಹೋದಳು, ನಾಳೆ ಬರುತ್ತೇನೆಂದು. ಟೈಲರ್ ಬಂದ. ಚಹಾದಲ್ಲಿ ಅಕ್ಕನ ನಿದ್ದೆ ಮಾತ್ರೆಗಳಿದ್ದವು. ಕುರ್ಚಿಯಲ್ಲೇ ಮಲಗಿದವನ ಮುಖಕ್ಕೆ ದಿಂಬು ಒತ್ತಿದಾಗ ಅವನು ಹೆಚ್ಚು ಒದ್ದಾಡಲಿಲ್ಲ.

ಹಿತ್ತಲಿನ ಗೋಡೆ ಎತ್ತರ, ಹಗಲಲ್ಲೂ ಹೆದರಬೇಕಿರಲಿಲ್ಲ. ನಡುವಿನ ಪಟ್ಟಿಯನ್ನು ಸುತ್ತಿ ಪಕ್ಕಕ್ಕಿಟ್ಟು ಅಗೆದಳು. ಅವನ ಚೀಲ, ಫೋನು, ಹತ್ಯಾರಗಳೂ ಅವನ ಜೊತೆಗೇ ಹೋದವು. ಮಣ್ಣನ್ನು ಸ್ವಲ್ಪ ಸ್ವಲ್ಪವೇ ತುಂಬಿ ಗುದ್ದಿದಳು. ಒಟ್ಟಿಗೆ ತುಂಬಿದರೆ ಆಮೇಲೆ ಕುಸಿಯುತ್ತದೆಂದು ಹೇಳಿಕೊಟ್ಟವನು ಅವನೇ. ಮಿಕ್ಕ ಮಣ್ಣು ಹೂಕುಂಡಗಳಿಗೆ ಸೇರಿತು. ಪಟ್ಟಿ ಬಿಡಿಸಿ, ಅಂಚುಗಳನ್ನೆಲ್ಲ ಅಂಟಿಸಿ, ಬೋರಲಾಗಿ ಮಲಗಿ ಕಣ್ಣು ಹಾಯಿಸಿದಳು. ಉಬ್ಬಿಲ್ಲ, ತಗ್ಗಿಲ್ಲ, ಕೂದಲೆಳೆಯಷ್ಟೂ ಬಿರುಕಿಲ್ಲ.

ಮರುದಿನ ಸಂಜೆಗತ್ತಲಲ್ಲಿ ಮರಳಿದ ಅಕ್ಕನಿಗೆ ಕತೆ ಸಿದ್ಧವಿತ್ತು. ಕೊನೆಯ ಅಂಚಿನವರೆಗೂ ಟೈಲರ್ ತಾನೇ ಅಂಟಿಸಿದ, ಈ ವಯಸ್ಸಿನಲ್ಲಿ ಮದುವೆ ತನ್ನಿಂದಾಗದು ಎಂದು ಕಣ್ಣೊರೆಸಿಕೊಂಡು ಹೊರಟುಹೋದ. ಊರು ಬಿಡುವೆನೆಂದು ಅವನೇ ಬೀದಿಗೆಲ್ಲ ಹೇಳಿದ್ದರಿಂದ ಹುಡುಕುವವರೂ ಇರಲಿಲ್ಲ. ಅಕ್ಕ ಬಹಳ ಹೊತ್ತು ಅತ್ತು, ಕೊನೆಗೆ ತಂಗಿಯ ಕೈ ಹಿಡಿದು, ಇನ್ನು ನನಗೆ ನೀನು, ನಿನಗೆ ನಾನು ಎಂದಳು. ಚಿಕ್ಕವಳು ಆ ರಾತ್ರಿ ಮಗುವಿನಂತೆ ನಿದ್ದೆ ಮಾಡಿದಳು.

ಬೆಳಿಗ್ಗೆ ಎರಡು ಲೋಟ ಚಹಾ ಹಿಡಿದು ಮೇಲೆ ಹೋದಾಗ ಅಕ್ಕ ಕಿಟಕಿಯಲ್ಲಿ ನಿಂತಿದ್ದಳು. ಚಿಕ್ಕವಳೂ ಬಗ್ಗಿ ನೋಡಿದಳು. ಕೆಳಗೆ ಹಿತ್ತಲೆಲ್ಲ ಒಂದೇ ತಿಳಿಹಸಿರು. ನಡುವಿನ ಪಟ್ಟಿಯೊಂದು ಮಾತ್ರ ಬೇರೆ ಬಟ್ಟೆಯ ತೇಪೆಯಂತೆ ಕಪ್ಪಗಿತ್ತು. "ವೆಲ್ವೆಟ್ ಥರಾನೇ ಇದು, ಎಳೆಯೆಲ್ಲ ಒಂದೇ ಕಡೆ ಬಾಗ್ಬೇಕು, ಇಲ್ದಿದ್ರೆ ನಿನ್ನ ಕಿಟಕಿಯಿಂದ ಬಣ್ಣ ಬೇರೆ ಕಾಣುತ್ತೆ ಅಂತಿದ್ದ," ಎಂದಳು ಅಕ್ಕ ಮೆಲ್ಲಗೆ. "ನಾನು ಹೊರಡೋವಾಗ ಎಲ್ಲಾ ಸರಿಯಾಗಿತ್ತು. ಅವನು ಉಲ್ಟಾ ಹಾಕಿ ಅಂಟಿಸೋ ಮನುಷ್ಯ ಅಲ್ಲ. ಆ ಪಟ್ಟೀನ ಎಬ್ಬಿಸಿದ್ದು ಯಾರು?" ಚಿಕ್ಕವಳು ಚಾಚಿದ ಲೋಟವನ್ನು ಅಕ್ಕ ತೆಗೆದುಕೊಳ್ಳಲಿಲ್ಲ.